ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಕೆ: ತರಗತಿಯ ಮಾರ್ಗಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಕೊಡಗು ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ



ಗ್ರಾಮಸಭೆಯಲ್ಲಿ ಶಾಲೆಯ ವಿಷಯ ಪ್ರಸ್ತಾಪವಾದಾಗ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಛಾವಣಿಯ ದುರಸ್ತಿ ಯಾವಾಗ ಎಂಬುದು ಮೊದಲನೆಯದು. ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಾರೆಯೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲು ಪಂಚಾಯಿತಿಯ ಬಳಿ ಅಂದಾಜು ಪಟ್ಟಿ ಇರುತ್ತದೆ, ಕ್ರಿಯಾಯೋಜನೆ ಇರುತ್ತದೆ, ಅಳತೆ ಪುಸ್ತಕವಿರುತ್ತದೆ. ಎರಡನೆಯದಕ್ಕೆ ಮಾತ್ರ ಸಭೆಯಲ್ಲಿ ಯಾರೂ ಉತ್ತರಿಸುವುದಿಲ್ಲ. ಅದು ಶಿಕ್ಷಣ ಇಲಾಖೆಯ ವಿಷಯವೆಂದು ಹೇಳಿ ಮುಂದಿನ ವಿಷಯಕ್ಕೆ ಹೋಗಲಾಗುತ್ತದೆ. ಉತ್ತರ ದೊರೆಯದ ಪೋಷಕರು ಮುಂದಿನ ಜೂನ್‌ನಲ್ಲಿ ಮಗುವನ್ನು ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಹೀಗೆ ಒಂದೊಂದೇ ಮನೆಯಿಂದ ಮಗು ಹೊರಟುಹೋದಾಗ ಊರಿನ ಶಾಲೆಯ ದಾಖಲಾತಿ ಕುಸಿಯುತ್ತದೆ, ಶಿಕ್ಷಕರ ಹುದ್ದೆ ಕಡಿಮೆಯಾಗುತ್ತದೆ, ಕೊನೆಗೆ ಶಾಲೆ ವಿಲೀನದ ಪಟ್ಟಿಗೆ ಸೇರುತ್ತದೆ. ವ್ಯಾನಿನ ಬಾಡಿಗೆ ಕೊಡಲಾರದ ಲೈನ್ ಮನೆಯ ಮಗು ಮತ್ತು ಹಾಡಿಯ ಮಗು ಆಗ ಎಲ್ಲಿಗೆ ಹೋಗಬೇಕು? ಇಂಗ್ಲಿಷ್ ಕಲಿಕೆಯ ಪ್ರಶ್ನೆ ಕೊಡಗಿನ ಅನೇಕ ಊರುಗಳಲ್ಲಿ ಶಾಲೆಯ ಉಳಿವಿನ ಪ್ರಶ್ನೆಯೂ ಆಗಿರುವುದರಿಂದ ಅದನ್ನು ಪಂಚಾಯಿತಿ ತನ್ನದೆಂದು ತಿಳಿಯಬೇಕಾಗಿದೆ.

ಇದಕ್ಕೆ ಸಂವಿಧಾನದ ಆಧಾರವೂ ಇದೆ. 73ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣ, 20ನೆಯದು ಗ್ರಂಥಾಲಯ. ಪಾಠ ಮಾಡುವುದು ಶಿಕ್ಷಕರ ಕಾರ್ಯ. ಪಾಠ ಸಾಗಲು ಬೇಕಾದ ಪರಿಸರವನ್ನು ಒದಗಿಸುವುದು ಮತ್ತು ಶಾಲೆಯ ಬಗ್ಗೆ ಸರಿಯಾದ ಪ್ರಶ್ನೆಯನ್ನು ಕೇಳುವುದು ಊರಿನ ಕಾರ್ಯ. ಸರಿಯಾದ ಪ್ರಶ್ನೆ ಕೇಳಲು ತರಗತಿಯಲ್ಲಿ ಏನು ನಡೆಯಬೇಕೆಂಬ ಸ್ಥೂಲ ಕಲ್ಪನೆ ಸದಸ್ಯರಿಗೆ ಇರಬೇಕು. ಈ ಉಪನ್ಯಾಸದ ಉದ್ದೇಶವೂ ಅಷ್ಟೇ.

ಕೊಡಗಿನಲ್ಲಿ ಇಂಗ್ಲಿಷ್: ಹಿನ್ನೆಲೆ

ಕೊಡಗಿಗೆ ಇಂಗ್ಲಿಷ್ ಹೊಸದಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ನಂತರ ಕಚೇರಿ, ನ್ಯಾಯಾಲಯ ಮತ್ತು ಕಾಫಿ ತೋಟಗಳ ಮೂಲಕ ಆ ಭಾಷೆ ಇಲ್ಲಿ ಬೇರೂರಿತು. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ರಚಿಸಿದ ಜರ್ಮನ್ ಪಾದ್ರಿ ಜಿ. ರಿಕ್ಟರ್ ಅವರು ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಪ್ರಾಂಶುಪಾಲರಾಗಿದ್ದವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ಕೆ.ಎಂ. ಕಾರ್ಯಪ್ಪನವರು ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ. ಊರಿನ ಶಾಲೆಯಲ್ಲಿ ಕಲಿತವರಿಗೆ ಇಂಗ್ಲಿಷ್ ಬರುವುದಿಲ್ಲವೆಂಬ ನಂಬಿಕೆಗೆ ಕೊಡಗಿನ ಚರಿತ್ರೆಯಲ್ಲಿ ಆಧಾರವಿಲ್ಲ.

ಇತ್ತೀಚಿನ ನೀತಿಯ ಇತಿಹಾಸವನ್ನೂ ಸದಸ್ಯರು ತಿಳಿದಿರುವುದು ಒಳ್ಳೆಯದು. ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ 2007-08ರಿಂದ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಜಾರಿಗೆ ಬಂದಿತು. ಶಿಕ್ಷಣ ಹಕ್ಕು ಅಧಿನಿಯಮ, 2009ರ 29ನೆಯ ಪ್ರಕರಣವು ಬೋಧನಾ ಮಾಧ್ಯಮವು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪಿತ್ತಿತು. 2019-20ರಲ್ಲಿ ರಾಜ್ಯ ಸರ್ಕಾರವು ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಅಂದರೆ ಇಂದು ಯಾವ ಸರ್ಕಾರಿ ಶಾಲೆಯಲ್ಲಿಯೂ ಇಂಗ್ಲಿಷ್ ಪಾಠವಿಲ್ಲ ಎಂಬ ಸ್ಥಿತಿ ಇಲ್ಲ. ಪಾಠ ನಡೆಯುತ್ತಿದ್ದರೂ ಅನೇಕ ಮಕ್ಕಳಿಗೆ ಭಾಷೆ ಬರುತ್ತಿಲ್ಲವೇಕೆ ಎಂಬುದೇ ವಿಚಾರಿಸಬೇಕಾದ ವಿಷಯ.

ಮಾಧ್ಯಮ ಬೇರೆ, ಭಾಷೆ ಬೇರೆ

ಪೋಷಕರ ಮಾತಿನಲ್ಲಿ ಎರಡು ವಿಷಯಗಳು ಬೆರೆತುಹೋಗಿರುತ್ತವೆ. ಗಣಿತ, ಪರಿಸರ ಅಧ್ಯಯನ ಮೊದಲಾದುವನ್ನು ಇಂಗ್ಲಿಷಿನಲ್ಲಿ ಬೋಧಿಸುವುದು ಮಾಧ್ಯಮ. ಇಂಗ್ಲಿಷನ್ನು ಕೇಳಿ ಗ್ರಹಿಸಲು, ಮಾತನಾಡಲು, ಓದಲು, ಬರೆಯಲು ಕಲಿಯುವುದು ಭಾಷಾಕಲಿಕೆ. ಮಾಧ್ಯಮ ಬದಲಾದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಮಗು ಅರ್ಥವಾಗದ ವಾಕ್ಯಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿದರೆ ಅದಕ್ಕೆ ಗಣಿತವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಇದಕ್ಕೆ ಪ್ರತಿಯಾಗಿ, ಕನ್ನಡದಲ್ಲಿ ಸ್ಪಷ್ಟವಾಗಿ ಓದಿ ಅರ್ಥಮಾಡಿಕೊಳ್ಳಬಲ್ಲ ಮಗುವಿಗೆ ಓದುವ ಕ್ರಿಯೆ ಎಂದರೇನೆಂಬುದು ತಿಳಿದಿರುತ್ತದೆ. ಅಕ್ಷರ ಕೂಡಿ ಪದವಾಗುತ್ತದೆ, ಪದ ಕೂಡಿ ಅರ್ಥವಾಗುತ್ತದೆ ಎಂಬ ತಿಳಿವಳಿಕೆಯನ್ನು ಅದು ಎರಡನೆಯ ಭಾಷೆಗೂ ಒಯ್ಯುತ್ತದೆ. ಅಡಿಪಾಯ ಗಟ್ಟಿಯಾಗುವ ಮುನ್ನ ಮೇಲಂತಸ್ತು ಕಟ್ಟುವುದು ಯಾವ ಕಾಮಗಾರಿಯಲ್ಲಿಯೂ ಸಲ್ಲದು. ಕನ್ನಡದ ಓದು ಗಟ್ಟಿಯಾಗುವುದು ಇಂಗ್ಲಿಷಿಗೆ ಅಡ್ಡಿಯೆಂದು ತಿಳಿಯದೆ ಅದಕ್ಕೆ ಆಧಾರವೆಂದು ತಿಳಿಯಬೇಕು.

ಕೊಡಗಿನ ತರಗತಿಯಲ್ಲಿ ಮತ್ತೊಂದು ವಿಶೇಷವಿದೆ. ಇಲ್ಲಿ ಕನ್ನಡವೇ ಎಲ್ಲ ಮಕ್ಕಳ ಮನೆಮಾತಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ, ಜೇನುಕುರುಬ ಮತ್ತು ಬೆಟ್ಟಕುರುಬ ನುಡಿಗಳು, ತಮಿಳು, ಉರ್ದು, ತೋಟದ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದ ಕುಟುಂಬಗಳ ಹಿಂದಿ, ಅಸ್ಸಾಮಿ, ಬಂಗಾಳಿ ಹೀಗೆ ಒಂದೇ ಕೊಠಡಿಯಲ್ಲಿ ನಾಲ್ಕೈದು ಮನೆಮಾತುಗಳು ಇರಬಹುದು. ಇಂತಹ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ. ಇದನ್ನು ಕೊರತೆಯೆಂದು ಎಣಿಸುವ ಅಗತ್ಯವಿಲ್ಲ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಆರು ವರ್ಷದ ಮಗು ಭಾಷೆಯಿಂದ ಭಾಷೆಗೆ ದಾಟುವುದನ್ನು ಆಗಲೇ ಕಲಿತಿದೆ. ಮೊದಲ ಎರಡು ವರ್ಷ ಆ ಮಗು ಮನೆಮಾತಿನಲ್ಲಿ ಉತ್ತರಿಸಿದರೆ ಶಿಕ್ಷಕರು ಅದನ್ನು ಒಪ್ಪಿಕೊಂಡು, ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ತಾವು ಹೇಳಿ ಮುಂದುವರಿಯುವುದು ಸೂಕ್ತ. ‘ನಿನ್ನ ಭಾಷೆ ಬೇಡ’ ಎಂದು ತಡೆದಾಗ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ತರಗತಿಯಲ್ಲಿ ಫಲಕೊಡುವ ಮಾರ್ಗಗಳು

ಮನೆಯಲ್ಲಿ ಮಗು ಮಾತು ಕಲಿಯುವ ಕ್ರಮ ಎಲ್ಲರಿಗೂ ತಿಳಿದದ್ದು. ಒಂದು ವರ್ಷ ಕೇಳುತ್ತದೆ, ನಂತರ ತೊದಲುತ್ತದೆ, ಓದುಬರಹ ಬಹಳ ಕಾಲದ ಮೇಲೆ ಬರುತ್ತದೆ. ಅನೇಕ ತರಗತಿಗಳಲ್ಲಿ ಇಂಗ್ಲಿಷ್ ಪಾಠ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಕರಿಹಲಗೆಯಲ್ಲಿ ಬರೆದದ್ದನ್ನು ಮೊದಲು ನಕಲು ಮಾಡಿಸಲಾಗುತ್ತದೆ, ಕಾಗುಣಿತವನ್ನು ರಾಗವಾಗಿ ಹೇಳಿಸಲಾಗುತ್ತದೆ, ಕೇಳಿಸಿಕೊಳ್ಳುವ ಅವಕಾಶ ಕೊನೆಗೂ ಬರುವುದಿಲ್ಲ. ಎನ್‌ಸಿಇಆರ್‌ಟಿಯ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಸಿದ್ಧವಾದ ಇಂಗ್ಲಿಷ್ ಬೋಧನೆಯ ದಾಖಲೆಯು ಮಗುವಿನ ಕಿವಿಗೆ ಮತ್ತು ಕಣ್ಣಿಗೆ ಅರ್ಥವಾಗುವ ಇಂಗ್ಲಿಷ್ ಸಮೃದ್ಧವಾಗಿ ಬೀಳುವಂತಹ ವಾತಾವರಣಕ್ಕೆ ಒತ್ತು ನೀಡಿದೆ. ಅದನ್ನು ಹಳ್ಳಿಯ ಶಾಲೆಯಲ್ಲಿ ಸಾಧಿಸುವ ಕೆಲವು ಮಾರ್ಗಗಳು ಹೀಗಿವೆ.

ಮೊದಲನೆಯದು, ದಿನನಿತ್ಯದ ಸೂಚನೆಗಳು. ‘ಬಾಗಿಲು ತೆರೆ’, ‘ಸಾಲಾಗಿ ನಿಲ್ಲಿ’, ‘ಕೈ ತೊಳೆಯಿರಿ’, ‘ಪುಸ್ತಕ ಕೊಡು’ ಎಂಬಂತಹ ಇಪ್ಪತ್ತು ಮೂವತ್ತು ಸೂಚನೆಗಳನ್ನು ಶಿಕ್ಷಕರು ಪ್ರತಿದಿನ ಇಂಗ್ಲಿಷಿನಲ್ಲಿಯೇ, ಅಭಿನಯ ಸಹಿತವಾಗಿ ಹೇಳುವುದು. ಮಗು ಮಾತನಾಡಬೇಕಾಗಿಲ್ಲ, ಮಾಡಿ ತೋರಿಸಿದರೆ ಸಾಕು. ಅರ್ಥವಾಯಿತೇ ಇಲ್ಲವೇ ಎಂಬುದು ತಕ್ಷಣ ಕಾಣುತ್ತದೆ. ಕೆಲವು ವಾರಗಳ ನಂತರ ಮಕ್ಕಳೇ ಪರಸ್ಪರ ಆ ಸೂಚನೆಗಳನ್ನು ಕೊಡತೊಡಗುತ್ತಾರೆ. ಕ್ಷೀರಭಾಗ್ಯದ ಹಾಲು ಹಂಚುವ ಹೊತ್ತು, ಅಕ್ಷರ ದಾಸೋಹದ ಊಟದ ಹೊತ್ತು ಇದಕ್ಕೆ ಅತ್ಯಂತ ಅನುಕೂಲಕರ. ‘ಇನ್ನಷ್ಟು ಬೇಕು’, ‘ಸಾಕು’, ‘ಬಿಸಿಯಾಗಿದೆ’ ಎಂಬ ಮಾತುಗಳು ಹಸಿವಿನ ಜೊತೆ ಸೇರಿ ಬಂದಾಗ ಮರೆಯುವುದಿಲ್ಲ.

ಎರಡನೆಯದು, ಮಗುವಿಗೆ ಈಗಾಗಲೇ ಬರುವ ಪದಗಳ ಬಳಕೆ. ಬಸ್, ಟಿಕೆಟ್, ಗೇಟ್, ಕರೆಂಟ್, ಮೊಬೈಲ್, ಚಾರ್ಜ್, ಟೋಕನ್ ಇವು ಪ್ರತಿಯೊಂದು ಮನೆಯಲ್ಲಿವೆ. ತೋಟದ ಮಗುವಿಗಂತೂ ಎಸ್ಟೇಟ್, ರೈಟರ್, ಪಲ್ಪರ್, ಚೆರ್ರಿ, ಪಾರ್ಚ್‌ಮೆಂಟ್, ರೋಬಸ್ಟಾ, ಅರೇಬಿಕಾ ಎಂಬ ಪದಗಳು ಅಕ್ಷರಾಭ್ಯಾಸಕ್ಕೆ ಮುನ್ನವೇ ಪರಿಚಿತ. ತನಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದೆಂದು ಹೆದರಿ ಕುಳಿತ ಮಗುವಿನ ಬಾಯಿಂದಲೇ ಇಂತಹ ನೂರು ಪದಗಳನ್ನು ಹೊರಡಿಸಿ ಗೋಡೆಯ ಮೇಲೆ ಚಿತ್ರಸಹಿತ ಬರೆದರೆ ಮೊದಲ ಓದಿನ ಪುಸ್ತಕ ಸಿದ್ಧವಾದಂತೆ. ಪದದ ಅರ್ಥ ಮೊದಲೇ ಗೊತ್ತಿರುವುದರಿಂದ ಮಗು ಅಕ್ಷರ ಮತ್ತು ಧ್ವನಿಯ ಸಂಬಂಧದ ಕಡೆಗೆ ಮಾತ್ರ ಗಮನ ಕೊಡಬಹುದು.

ಮೂರನೆಯದು, ಗಟ್ಟಿಯಾಗಿ ಕಥೆ ಓದಿ ಹೇಳುವುದು. ದೊಡ್ಡ ಚಿತ್ರಗಳಿರುವ ಸಣ್ಣ ಕಥೆಯೊಂದನ್ನು ಶಿಕ್ಷಕರು ವಾರವಿಡೀ ಪ್ರತಿದಿನ ಹತ್ತು ನಿಮಿಷ ಓದಬೇಕು. ಮೊದಲ ದಿನ ಕನ್ನಡದಲ್ಲಿ ಸಾರಾಂಶ, ಎರಡನೆಯ ದಿನದಿಂದ ಚಿತ್ರ ತೋರಿಸುತ್ತಾ ಇಂಗ್ಲಿಷಿನಲ್ಲಿ ಓದು, ಮೂರನೆಯ ದಿನ ಮುಂದೇನಾಗುತ್ತದೆ ಎಂಬ ಪ್ರಶ್ನೆ, ಕೊನೆಯ ದಿನ ಮಕ್ಕಳಿಂದ ಅಭಿನಯ. ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳುವುದು ಮಕ್ಕಳಿಗೆ ಬೇಸರವಲ್ಲ. ಅಜ್ಜಿಯ ಕಥೆ ಕೇಳಿ ಬೆಳೆದವರಿಗೆಲ್ಲ ಇದು ಗೊತ್ತು.

ನಾಲ್ಕನೆಯದು, ಕಾರ್ಯದ ಮೂಲಕ ಕಲಿಕೆ. ಇದಕ್ಕೆ ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಪ್ರಯೋಗದ ಆಧಾರವಿದೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು 1963ರಲ್ಲಿ ಸ್ಥಾಪಿತವಾದದ್ದು. ಅದರ ಸಹಯೋಗದೊಂದಿಗೆ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಯೋಜನೆಯು ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಜಗತ್ತಿನ ಭಾಷಾಶಿಕ್ಷಕರಿಗೆ ಪರಿಚಿತವಾಗಿದೆ. ಅದರ ಅನುಭವವನ್ನು ಅವರು 1987ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ವ್ಯಾಕರಣ ಮೊದಲು, ಬಳಕೆ ಆಮೇಲೆ ಎಂಬ ಕ್ರಮವನ್ನು ಅಲ್ಲಿ ಬಿಡಲಾಯಿತು. ಮಕ್ಕಳ ಮುಂದೆ ನಕ್ಷೆ, ವೇಳಾಪಟ್ಟಿ ಮುಂತಾದುವನ್ನು ಇಟ್ಟು ಬಿಡಿಸಬೇಕಾದ ಸಮಸ್ಯೆಯೊಂದನ್ನು ಇಂಗ್ಲಿಷಿನಲ್ಲಿ ಕೊಡಲಾಗುತ್ತಿತ್ತು. ಮೊದಲು ಒಂದು ಸಮಸ್ಯೆಯನ್ನು ಶಿಕ್ಷಕರು ಪ್ರಶ್ನೋತ್ತರದ ಮೂಲಕ ಇಡೀ ತರಗತಿಯ ಜೊತೆ ಬಿಡಿಸುತ್ತಿದ್ದರು. ನಂತರ ಅಂತಹುದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕಾಗಿತ್ತು. ಕಾರ್ಯ ಎಷ್ಟು ಕಠಿಣವಾಗಿರಬೇಕೆಂಬುದಕ್ಕೆ ಪ್ರಭು ಅವರು ಇಟ್ಟುಕೊಂಡ ಅಳತೆ ಸರಳವಾದುದು: ತರಗತಿಯ ಅರ್ಧದಷ್ಟಾದರೂ ಮಕ್ಕಳು ಕಾರ್ಯದ ಅರ್ಧವನ್ನಾದರೂ ಸರಿಯಾಗಿ ಮಾಡುವಂತಿರಬೇಕು.

ಇದನ್ನು ಕೊಡಗಿನ ಆರನೆಯ ತರಗತಿಗೆ ಹೊಂದಿಸುವುದು ಸುಲಭ. ಊರಿನಿಂದ ಮಡಿಕೇರಿಗೆ ಹೋಗುವ ಬಸ್ಸುಗಳು ಬೆಳಿಗ್ಗೆ 7.45, 8.30 ಮತ್ತು 9.15ಕ್ಕೆ ಹೊರಡುತ್ತವೆ ಎಂದು ಭಾವಿಸಿ ಶಿಕ್ಷಕರು ಕರಿಹಲಗೆಯಲ್ಲಿ ವೇಳಾಪಟ್ಟಿ ಬರೆಯುತ್ತಾರೆ. ಪ್ರಯಾಣಕ್ಕೆ 1 ಗಂಟೆ 10 ನಿಮಿಷ. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ 10 ನಿಮಿಷದ ನಡಿಗೆ. ಅಜ್ಜಿ 9.30ಕ್ಕೆ ಆಸ್ಪತ್ರೆಯಲ್ಲಿರಬೇಕು. ಆಕೆ ಯಾವ ಬಸ್ ಹಿಡಿಯಬೇಕು? ಎಂಟೂವರೆಯ ಬಸ್ ಹಿಡಿದರೆ ಏನಾಗುತ್ತದೆ? ಮೊದಲ ಬಸ್ಸಿನಲ್ಲಿ ಹೋದರೆ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಬೇಕು? ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಮಗು ಒಂದೇ ಪದದಲ್ಲಿ ಉತ್ತರಿಸಬಹುದು, ಸಂಖ್ಯೆಯಲ್ಲಿ ಉತ್ತರಿಸಬಹುದು. ಶಿಕ್ಷಕರು ಅದನ್ನು ಪೂರ್ಣ ವಾಕ್ಯವಾಗಿಸಿ ಮರಳಿ ಹೇಳುತ್ತಾರೆ. ಮಗುವಿನ ಗಮನ ಅಜ್ಜಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದರಲ್ಲಿರುತ್ತದೆ. ಭಾಷೆ ಅದರ ಹಿಂದೆಯೇ ಬರುತ್ತದೆ. ಸಂತೆಯ ದರಪಟ್ಟಿ, ಊರಿನ ನಕ್ಷೆ, ವಿದ್ಯುತ್ ಬಿಲ್ಲು, ಔಷಧದ ಚೀಟಿ ಇವೆಲ್ಲವೂ ಇದೇ ರೀತಿಯ ಪಾಠಗಳಾಗಬಲ್ಲವು.

ಐದನೆಯದು, ಮಳೆಯ ದಾಖಲೆ. ಕೊಡಗಿನ ಮನೆಮನೆಯಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಲೆಕ್ಕ ಹಾಕುವ ರೂಢಿ ಇದೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿಟ್ಟು ಪ್ರತಿದಿನ ಇಬ್ಬರು ಮಕ್ಕಳು ಅಳತೆ ತೆಗೆದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಬೇಕು. ಇಂದು ಎಷ್ಟು, ನಿನ್ನೆ ಎಷ್ಟು, ನಿನ್ನೆಗಿಂತ ಹೆಚ್ಚೇ ಕಡಿಮೆಯೇ. ವರ್ತಮಾನ, ಭೂತಕಾಲ, ಹೋಲಿಕೆ ಇವೆಲ್ಲ ವ್ಯಾಕರಣದ ಹೆಸರಿಲ್ಲದೆ ಅಭ್ಯಾಸವಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಅಂತ್ಯದ ಹೊತ್ತಿಗೆ ಮಕ್ಕಳೇ ಬರೆದ ಪುಸ್ತಕವೊಂದು ಶಾಲೆಯಲ್ಲಿ ಇರುತ್ತದೆ. ನಲಿಕಲಿ ತರಗತಿಗಳಲ್ಲಿ ಹವಾಮಾನದ ನಕ್ಷೆ ತುಂಬುವ ಚಟುವಟಿಕೆ ಮೊದಲಿನಿಂದಲೂ ಇರುವುದರಿಂದ ಶಿಕ್ಷಕರಿಗೆ ಇದು ಹೊಸ ಹೊರೆಯಾಗದು.

ನಲಿಕಲಿಯ ಪ್ರಸ್ತಾಪ ಬಂದುದರಿಂದ ಬಹುತರಗತಿಯ ಕೊಠಡಿಯ ಬಗ್ಗೆ ಒಂದು ಮಾತು ಅಗತ್ಯ. ಮೂರು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವಾಗ ಇಂಗ್ಲಿಷ್ ಕಲಿಸುವುದು ಅಸಾಧ್ಯವೆಂಬ ಮಾತು ಕೇಳಿಬರುತ್ತದೆ. ನಲಿಕಲಿ ಪದ್ಧತಿ ಹುಟ್ಟಿದ್ದೇ ಇಂತಹ ಶಾಲೆಗಳಿಗಾಗಿ. ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಲಿಕಾ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತದೆ. ಇಬ್ಬಿಬ್ಬರ ಜೋಡಿಯಲ್ಲಿ ಪ್ರಶ್ನೋತ್ತರ ನಡೆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಮಕ್ಕಳು ಒಂದೇ ವೇಳೆ ಮಾತನಾಡುತ್ತಿರುತ್ತಾರೆ. ಶಿಕ್ಷಕರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಉಳಿದ ಇಪ್ಪತ್ತೊಂಬತ್ತು ಮಕ್ಕಳು ಸುಮ್ಮನಿರುತ್ತಾರೆ. ಹಾಗಾಗಿ ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ಸ್ವಲ್ಪ ಗದ್ದಲವಿರುವ ಕೊಠಡಿಯನ್ನು ಕಂಡು ಸದಸ್ಯರು ಶಿಸ್ತಿಲ್ಲವೆಂದು ಭಾವಿಸಬಾರದು.

ತಪ್ಪುಗಳ ವಿಷಯವೂ ಮುಖ್ಯ. ಮಾತನಾಡುವಾಗ ಪ್ರತಿ ಪದಕ್ಕೂ ತಡೆದು ತಿದ್ದಿದರೆ ಮಗು ಮುಂದಿನ ಬಾರಿ ಬಾಯಿ ತೆರೆಯುವುದಿಲ್ಲ. ಅರ್ಥ ತಿಳಿದರೆ ಮೆಚ್ಚುಗೆ ಸೂಚಿಸಿ, ಸರಿಯಾದ ರೂಪವನ್ನು ಶಿಕ್ಷಕರು ತಮ್ಮ ಮಾತಿನಲ್ಲಿ ಸಹಜವಾಗಿ ಬಳಸಬೇಕು. ಬರವಣಿಗೆಯಲ್ಲಿ ಒಮ್ಮೆಗೆ ಒಂದು ಬಗೆಯ ತಪ್ಪನ್ನು ಮಾತ್ರ ತಿದ್ದುವುದು ಒಳ್ಳೆಯದು. ಕೆಂಪು ಶಾಯಿಯಿಂದ ತುಂಬಿದ ಪುಟದಿಂದ ಮಗು ಹೆದರಿಕೆಯನ್ನಷ್ಟೇ ಕಲಿಯುತ್ತದೆ.

ಶಿಕ್ಷಕರಿಗೂ ಈ ಹೆದರಿಕೆ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಶಿಕ್ಷಕರು ಇಂಗ್ಲಿಷಿನಲ್ಲಿ ಮಾತನಾಡಲು ಸಂಕೋಚಪಡುವುದು ಸಹಜ. ಅವರಿಗೆ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗಳಿವೆ. ಜಿಲ್ಲೆಯಲ್ಲಿ ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಕ್ಲಸ್ಟರ್ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಧ್ವನಿಮುದ್ರಿತ ಕಥೆಗಳನ್ನು ಮೊಬೈಲ್ ಮೂಲಕ ಕೇಳಿಸಿ, ಶಿಕ್ಷಕರೂ ಮಕ್ಕಳೂ ಒಟ್ಟಿಗೆ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ.

ಕೊಡಗಿನ ವಿಶೇಷ ಅಡಚಣೆಗಳು

ಭಾಷೆಯ ಪಾಠ ಕಿವಿಯ ಪಾಠ. ಜುಲೈ ತಿಂಗಳಿನ ಮಳೆ ತಗಡಿನ ಛಾವಣಿಯ ಮೇಲೆ ಸುರಿಯುವಾಗ ಮೂರನೆಯ ಸಾಲಿನ ಮಗುವಿಗೆ ಶಿಕ್ಷಕರ ಮಾತು ಕೇಳಿಸುವುದೇ ಇಲ್ಲ. ಪರಿಚಿತ ಭಾಷೆಯಾದರೆ ಅರ್ಧ ಕೇಳಿ ಉಳಿದರ್ಧವನ್ನು ಊಹಿಸಿಕೊಳ್ಳಬಹುದು. ಹೊಸ ಭಾಷೆಯಲ್ಲಿ ಅದು ಸಾಧ್ಯವಿಲ್ಲ. ಗ್ರಾಮಸಭೆಯಲ್ಲಿ ಬೇರೆ ಬೇರೆಯಾಗಿ ಕೇಳಿಬರುವ ಛಾವಣಿಯ ಪ್ರಶ್ನೆ ಮತ್ತು ಇಂಗ್ಲಿಷಿನ ಪ್ರಶ್ನೆ ಇಲ್ಲಿ ಒಂದೇ ಆಗುತ್ತವೆ. ತಗಡಿನ ಕೆಳಗೆ ಒಳಮಾಳಿಗೆ ಹಾಕಿಸುವುದು ಸೌಂದರ್ಯಕ್ಕಾಗಿ ಮಾಡುವ ವೆಚ್ಚವಲ್ಲ, ಕಲಿಕೆಯ ವೆಚ್ಚ. ಅದು ಸಾಧ್ಯವಾಗುವವರೆಗೆ ಮಳೆಗಾಲದ ಇಂಗ್ಲಿಷ್ ಅವಧಿಯನ್ನು ಹಂಚಿನ ಅಥವಾ ಕಾಂಕ್ರೀಟ್ ಛಾವಣಿಯ ಕೊಠಡಿಗೆ ಬದಲಾಯಿಸಿಕೊಳ್ಳಬಹುದು. ಜೋರು ಮಳೆಯ ಹೊತ್ತನ್ನು ಚಿತ್ರ ನೋಡಿ ಓದುವ, ಬರೆಯುವ ಕಾರ್ಯಕ್ಕೆ ಮೀಸಲಿಡಬಹುದು.

ಎರಡನೆಯ ಅಡಚಣೆ ಗೈರುಹಾಜರಿ. ಮಳೆಗಾಲದ ರಜೆಗಳು ಒಂದು ಕಡೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿನ ಕಾಲದಲ್ಲಿ ಪೋಷಕರ ಜೊತೆ ತೋಟದಿಂದ ತೋಟಕ್ಕೆ ಹೋಗುವ ಮಕ್ಕಳು ಇನ್ನೊಂದು ಕಡೆ. ಪಾಠ ಒಂದೇ ಸರಪಳಿಯಾಗಿದ್ದರೆ ಎರಡು ವಾರ ತಪ್ಪಿಸಿಕೊಂಡ ಮಗು ಮತ್ತೆ ಅದನ್ನು ಹಿಡಿಯಲಾರದು. ವಾರಕ್ಕೊಂದು ಕಥೆ, ದಿನಕ್ಕೊಂದು ಕಾರ್ಯ ಎಂಬ ಕ್ರಮದಲ್ಲಿ ಮಗು ಮರಳಿ ಬಂದ ದಿನವೇ ತರಗತಿಯೊಳಗೆ ಸೇರಿಕೊಳ್ಳಬಹುದು. ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳ ಮಕ್ಕಳ ಹಾಜರಾತಿಯನ್ನು ಆ ವಾರ್ಡಿನ ಸದಸ್ಯರು ತೋಟದ ಮಾಲೀಕರೊಂದಿಗೂ ರೈಟರುಗಳೊಂದಿಗೂ ಮಾತನಾಡಿ ಸರಿಪಡಿಸುವುದು ಶಿಕ್ಷಕರಿಗಿಂತ ಸುಲಭ.

ಗ್ರಾಮ ಪಂಚಾಯಿತಿ ಮಾಡಬಹುದಾದ ಕಾರ್ಯಗಳು

1. ಅರಿವು ಕೇಂದ್ರದ ಬಳಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಪುಸ್ತಕ ಖರೀದಿಸುವಾಗ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಜೊತೆಗೆ, ಪುಟಕ್ಕೆ ಒಂದೆರಡು ವಾಕ್ಯಗಳಿರುವ ಇಂಗ್ಲಿಷ್ ಚಿತ್ರಪುಸ್ತಕಗಳನ್ನೂ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳನ್ನೂ ಕೊಳ್ಳಬೇಕು. ಶನಿವಾರ ಮಧ್ಯಾಹ್ನ ಒಂದು ಗಂಟೆ ಗಟ್ಟಿ ಓದಿಗೆ ಮೀಸಲಿಟ್ಟು, ಊರಿನ ಪದವೀಧರ ಯುವಜನರನ್ನೂ ನಿವೃತ್ತ ಶಿಕ್ಷಕರನ್ನೂ ನಿವೃತ್ತ ಸೈನಿಕರನ್ನೂ ಆಹ್ವಾನಿಸಬೇಕು. ಸೇನೆಯಲ್ಲಿ ಸೇವೆ ಸಲ್ಲಿಸಿ, ಹಲವು ರಾಜ್ಯಗಳ ಜನರೊಡನೆ ಹಲವು ಭಾಷೆಗಳಲ್ಲಿ ವ್ಯವಹರಿಸಿ ಬಂದವರು ಕೊಡಗಿನ ಊರೂರಿನಲ್ಲಿದ್ದಾರೆ. ಅವರನ್ನು ಕೇಳುವವರು ಬೇಕಷ್ಟೆ.

2. ಫಲಕಗಳು ಮತ್ತು ಸೂಚನೆಗಳು. ಕನ್ನಡಕ್ಕೆ ಮೊದಲ ಸ್ಥಾನವಿಟ್ಟು, ಅದರ ಕೆಳಗೆ ಇಂಗ್ಲಿಷಿನಲ್ಲಿಯೂ ಪಂಚಾಯಿತಿ ಕಟ್ಟಡ, ನೀರಿನ ಟ್ಯಾಂಕ್, ಕಸ ವಿಂಗಡಣೆಯ ತೊಟ್ಟಿ, ಬಸ್ ತಂಗುದಾಣಗಳ ಫಲಕಗಳನ್ನು ಬರೆಸಿದರೆ ಮಗು ಶಾಲೆಗೆ ನಡೆದುಹೋಗುವ ದಾರಿಯೇ ಓದಿನ ಪುಟವಾಗುತ್ತದೆ. ಬರೆಸುವ ಮುನ್ನ ಕಾಗುಣಿತವನ್ನು ಪ್ರೌಢಶಾಲೆಯ ಶಿಕ್ಷಕರಿಂದ ಪರಿಶೀಲಿಸಿಕೊಳ್ಳಬೇಕು.

3. ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ನಡೆಯುವ ಈ ಸಭೆಯಲ್ಲಿ ಮಕ್ಕಳು ತಮಗೆ ಬೇಕಾದ ಭಾಷೆಯಲ್ಲಿ ಮಾತನಾಡಲಿ. ಮಳೆಯ ದಾಖಲೆಯ ಪುಸ್ತಕವನ್ನು ಅಲ್ಲಿ ಮಂಡಿಸುವ ಅವಕಾಶ ಕೊಡಲಿ. ಬಾಯಿಪಾಠದ ಇಂಗ್ಲಿಷ್ ಭಾಷಣವನ್ನು ಮಾತ್ರ ಬೇಡಬಾರದು; ಚಪ್ಪಾಳೆಗಾಗಿ ಒಪ್ಪಿಸಿದ ಭಾಷಣದಿಂದ ಆ ಮಗುವಿಗೂ ಕೇಳುವವರಿಗೂ ಪ್ರಯೋಜನವಿಲ್ಲ.

4. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರಿಂದ ಕರ್ನಾಟಕದಲ್ಲಿ ಈ ಸಮಿತಿಗಳಿವೆ. ಶಿಕ್ಷಣ ಹಕ್ಕು ಅಧಿನಿಯಮದ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಲೈನ್ ಮನೆ ಮತ್ತು ಹಾಡಿಗಳ ತಾಯಂದಿರು ಸಭೆಗೆ ಬರುವಂತೆ ಸಮಯ ನಿಗದಿಪಡಿಸಿದರೆ ಅವರ ಮಕ್ಕಳ ಕಲಿಕೆಯ ವಿಷಯ ಚರ್ಚೆಗೆ ಬರುತ್ತದೆ. ಕೂಲಿ ಬಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಬರಲು ಅವರಿಗೆ ಆಗದು.

5. ಕ್ರಿಯಾಯೋಜನೆ. ಮುಂದಿನ ಸಾಲಿನ ಯೋಜನೆಯಲ್ಲಿ ಕಾಂಪೌಂಡ್ ಮತ್ತು ಶೌಚಾಲಯಗಳ ಸಾಲಿನ ಕೆಳಗೆ ಮೂರು ಸಣ್ಣ ಬಾಬ್ತುಗಳನ್ನು ಪರಿಗಣಿಸಬಹುದು: ತರಗತಿಯ ಒಳಮಾಳಿಗೆ, ಬ್ಯಾಟರಿಯಿಂದ ನಡೆಯುವ ಧ್ವನಿವರ್ಧಕ, ಮಳೆಮಾಪಕ. ನಿಯಮಾನುಸಾರ ಯಾವ ನಿಧಿಯಿಂದ ಸಾಧ್ಯವೆಂಬುದನ್ನು ಅಭಿವೃದ್ಧಿ ಅಧಿಕಾರಿಗಳೊಂದಿಗೆ ಚರ್ಚಿಸಿ ಸಭೆಯ ಮುಂದೆ ತರಬೇಕು.

ಶಾಲೆಗೆ ಭೇಟಿ ನೀಡಿದಾಗ

ಸದಸ್ಯರು ತರಗತಿಗೆ ಹೋಗಿ ಮಗುವನ್ನು ಎಬ್ಬಿಸಿ ಇಂಗ್ಲಿಷ್ ಪ್ರಶ್ನೆ ಕೇಳುವುದು, ಶಿಕ್ಷಕರ ಉಚ್ಚಾರಣೆಯನ್ನು ಎಲ್ಲರೆದುರು ಟೀಕಿಸುವುದು ಸಲ್ಲದು. ಅದರ ಬದಲು ನಾಲ್ಕು ವಿಷಯಗಳನ್ನು ಗಮನಿಸಬೇಕು. ಇಂಗ್ಲಿಷ್ ಅವಧಿಯಲ್ಲಿ ಮಾತನಾಡುತ್ತಿರುವವರು ಯಾರು, ಶಿಕ್ಷಕರೊಬ್ಬರೇ ಅಥವಾ ಮಕ್ಕಳೂ? ಮಕ್ಕಳ ಪುಸ್ತಕದಲ್ಲಿ ಎಲ್ಲರದೂ ಒಂದೇ ವಾಕ್ಯವೇ ಅಥವಾ ಪ್ರತಿಯೊಬ್ಬರದೂ ಬೇರೆಯೇ? ಒಂದೇ ಆಗಿದ್ದರೆ ಅದು ನಕಲು. ಚಿತ್ರಪುಸ್ತಕಗಳು ಮಕ್ಕಳ ಕೈಗೆ ಎಟಕುವಲ್ಲಿವೆಯೇ ಅಥವಾ ಬೀರುವಿನಲ್ಲಿ ಬೀಗದೊಳಗಿವೆಯೇ? ಹಿಂದಿನ ಸಾಲಿನಲ್ಲಿ ಕುಳಿತವರು ಯಾರು, ಯಾವ ಮನೆಯ ಮಕ್ಕಳು? ಈ ನಾಲ್ಕನ್ನೂ ತಿಳಿಯಲು ಸದಸ್ಯರಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. ಅಕ್ಷರ ಬಾರದ ತಾಯಿಯೂ ಇವನ್ನು ನೋಡಿ ಹೇಳಬಲ್ಲಳು.

ಕಂಡದ್ದನ್ನು ಮುಖ್ಯ ಶಿಕ್ಷಕರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಅವರಿಗೆ ಏನು ಬೇಕೆಂದು ಕೇಳಬೇಕು. ಆರು ತಿಂಗಳ ನಂತರ ಅದೇ ನಾಲ್ಕು ವಿಷಯಗಳನ್ನು ಮತ್ತೆ ನೋಡಬೇಕು. ಕಾಮಗಾರಿಯನ್ನು ಆರಂಭದಲ್ಲಿ ಮತ್ತು ಅಂತ್ಯದಲ್ಲಿ ಅಳೆಯುವ ಪಂಚಾಯಿತಿಗೆ ಈ ಪದ್ಧತಿ ಹೊಸದಲ್ಲ.

ಇಂಗ್ಲಿಷ್ ಬಾರದಿದ್ದರೆ ಬದುಕಿಲ್ಲವೆಂಬ ಭಯವನ್ನು ಯಾರೂ ಬಿತ್ತಬೇಕಾಗಿಲ್ಲ. ಆದರೆ ನರ್ಸಿಂಗ್ ಓದಲು ಹೋದ ಹುಡುಗಿ, ಹೋಂಸ್ಟೇಯಲ್ಲಿ ಕೆಲಸಕ್ಕೆ ಸೇರಿದ ಹುಡುಗ, ಸೇನಾ ಭರ್ತಿಗೆ ನಿಂತ ಯುವಕ ಇವರೆಲ್ಲರೂ ಒಂದಲ್ಲ ಒಂದು ದಿನ ಆ ಭಾಷೆಯ ಒಂದು ಹಾಳೆಯನ್ನು ಓದಬೇಕಾಗುತ್ತದೆ. ಆ ಹಾಳೆಯ ಮುಂದೆ ತಲೆತಗ್ಗಿಸದೆ ನಿಲ್ಲುವ ಶಕ್ತಿ ವ್ಯಾನಿನ ಬಾಡಿಗೆ ಕೊಡಬಲ್ಲವರ ಮಕ್ಕಳಿಗೆ ಮಾತ್ರ ಮೀಸಲಾಗಬಾರದು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ‘ಶಾಲೆಯ ಇಂಗ್ಲಿಷ್ ಕಲಿಕೆ’ ಎಂಬ ಒಂದು ವಿಷಯವನ್ನು ಸೇರಿಸಿ, ಮುಖ್ಯ ಶಿಕ್ಷಕರನ್ನೂ ಅರಿವು ಕೇಂದ್ರದ ಮೇಲ್ವಿಚಾರಕರನ್ನೂ ಆಹ್ವಾನಿಸಿ, ಮೇಲಿನ ಐದು ಕಾರ್ಯಗಳಲ್ಲಿ ಯಾವುದಾದರೂ ಎರಡನ್ನು ಈ ವರ್ಷ ಕೈಗೊಳ್ಳುವ ನಿರ್ಣಯವನ್ನು ಪ್ರತಿ ಗ್ರಾಮ ಪಂಚಾಯಿತಿಯೂ ಮಾಡಬೇಕೆಂಬುದು ಈ ಉಪನ್ಯಾಸದ ಕೋರಿಕೆ. ಐದನ್ನೂ ಕಾಗದದ ಮೇಲೆ ಬರೆದಿಡುವುದಕ್ಕಿಂತ ಎರಡನ್ನು ವರ್ಷದ ಕೊನೆಯವರೆಗೆ ನಡೆಸಿಕೊಂಡು ಹೋಗುವುದು ಲೇಸು.